ತೊರ್ರೆ ಗ್ರೊಸ್ಸಾ: ಕೊನೆಗೂ ಸಾರುವೆ ನಿಂತಿತು

ನಿಂತಿತು! ನಾಲ್ಕೂ ಮುಖದಲ್ಲಿ, ಒಂದೇ ಮಟ್ಟದಲ್ಲಿ, ಮೇಲೆ ಹಲಗೆ ಹಾಸಿದರೂ ಅಲುಗದೆ ನಿಂತಿದೆ. ನಾನು ಕಟ್ಟುತ್ತಿರುವ ಇಟಲಿಯ ಸಾನ್ ಜಿಮಿನ್ಯಾನೊ ಊರಿನ ಮಾಡೆಲ್‌ನಲ್ಲಿ ನನ್ನನ್ನು ಇಷ್ಟು ಕಾಡಿದ್ದು ಈ ಸಾರುವೆ ಒಂದೇ. ಬೇಸ್, ಇಳಿಜಾರು, ಕಲ್ಲಿನ ಗೆರೆ, ಪ್ರೈಮರ್ ಎಲ್ಲ ಮಾಡೆಲ್ ಕಟ್ಟುವ ನೀವು ಮಾಡುವ ಹಾಗೇ ಮಾಡಿದ್ದೇನೆ. ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಸ್ಕೇಲ್ 1:100. ಟಸ್ಕನಿಯ ಈ ಗುಡ್ಡದೂರಿನ ದುವೊಮೊ ಚೌಕ, ಅಂದರೆ ದೊಡ್ಡ ಚರ್ಚಿನ ಮುಂದಿನ ಚೌಕ. ವರ್ಷ 1305. ಯಾಕೆ 1305? ಊರ ಆಡಳಿತದ ದೊಡ್ಡ ಗೋಪುರ ತೊರ್ರೆ ಗ್ರೊಸ್ಸಾದ ಕೆಲಸ ಶುರುವಾದದ್ದು 1300ರಲ್ಲಿ, ಮುಗಿದದ್ದು 1311ರಲ್ಲಿ. ಪೂರ್ತಿಯಾದ ಗೋಪುರವನ್ನು ಎಲ್ಲರೂ ಮಾಡುತ್ತಾರೆ. ನನಗೆ ಅರ್ಧ ಎದ್ದ ಗೋಪುರ ಬೇಕಿತ್ತು. ಎದುರಿಗೆ ಪೊದೆಸ್ತಾ (ಊರಿನ ಮುಖ್ಯ ಅಧಿಕಾರಿ) ಅರಮನೆಯ ಮೇಲೆ ಹಳೆಯ ರೊನ್ಯೋಸಾ ಗೋಪುರ, ಸುಮಾರು 51 ಮೀಟರ್. ಅದಕ್ಕಿಂತ ಎತ್ತರಕ್ಕೆ ಯಾರೂ ಖಾಸಗಿ ಗೋಪುರ ಕಟ್ಟಬಾರದು ಅಂತ 1255ರಲ್ಲೇ ಕಾನೂನು ಮಾಡಿದ್ದರು. ಒಂದನ್ನೇ ಎತ್ತರ ಮಾಡುವಂತಿಲ್ಲವಲ್ಲ, ಸಾಲ್ವುಚ್ಚಿ ಮನೆತನದವರು ಪಕ್ಕಪಕ್ಕದಲ್ಲಿ ಎರಡು ಗೋಪುರ ಎಬ್ಬಿಸಿದರು ನೋಡಿ, ಎಂಥಾ ಬುದ್ಧಿ! ಆಮೇಲೆ ಊರೇ ತನ್ನ ಹೆಸರಿನಲ್ಲಿ 54 ಮೀಟರ್ ಕಟ್ಟಿಸಿತು. ಆ ಹಟ ಕಣ್ಣೆದುರಿಗೆ ಮೇಲೇರುವುದನ್ನು ತೋರಿಸಬೇಕು ಅಂದರೆ ಸಾರುವೆ ಇಲ್ಲದೆ ಆಗುತ್ತಾ?

ಇಂಥ ಗೋಪುರಕ್ಕೆ ಸಾರುವೆ ನೆಲದಿಂದ ಎದ್ದು ಬರುವುದಿಲ್ಲ. ಗೋಡೆಯಲ್ಲೇ ಸಾಲಾಗಿ ತೂತು ಬಿಡುತ್ತಿದ್ದರು. ಅದರೊಳಗೆ ಅಡ್ಡ ಮರ ಸಿಕ್ಕಿಸಿ, ಮೇಲೆ ಹಲಗೆ ಹಾಸಿ, ಅಲ್ಲಿ ನಿಂತು ಮುಂದಿನ ವರಸೆ ಕಟ್ಟುತ್ತಿದ್ದರು. ಮೇಲೆ ಹೋದಂತೆ ಕೆಳಗಿನ ಮರ ಎಳೆದು ಮೇಲಕ್ಕೆ ಒಯ್ಯುತ್ತಿದ್ದರು. ಆ ತೂತುಗಳು ಇವತ್ತಿಗೂ ಗೋಡೆ ತುಂಬ ಕಾಣುತ್ತವೆ, ಪಾರಿವಾಳಗಳಿಗೆ ಬಾಡಿಗೆ ಇಲ್ಲದ ಮನೆ.

ತೊಂದರೆ ಇದ್ದದ್ದು ಇಲ್ಲೇ. ಫೋಮ್ ಗೋಡೆಗೆ ಪಿನ್ ವೈಸ್‌ನಲ್ಲಿ (ಕೈಯಲ್ಲೇ ತಿರುಗಿಸುವ ಪುಟ್ಟ ಡ್ರಿಲ್) ತೂತು ಕೊರೆದು ಕಡ್ಡಿ ಅಂಟಿಸಿದರೆ, ಒಂದು ಕಡ್ಡಿ ಮೇಲಕ್ಕೆ ನೋಡುತ್ತದೆ, ಇನ್ನೊಂದು ಕೆಳಕ್ಕೆ. ಹಲಗೆ ಇಟ್ಟರೆ ಮೂಲೆಯಲ್ಲಿ ಉಯ್ಯಾಲೆ. ಸೂಪರ್ ಗ್ಲೂ ಫೋಮನ್ನೇ ತಿಂದು ಹಾಕುತ್ತದೆ. ಫೆವಿಕಾಲ್ ಒಣಗುವಷ್ಟರಲ್ಲಿ ಕಡ್ಡಿ ಜಾರುತ್ತದೆ. ಆನ್‌ಲೈನ್‌ನಲ್ಲಿ ತರಿಸಿದ ಬಾಲ್ಸಾ (ಹಗುರ ಮರ) ಪಟ್ಟಿಗಳ ಕಥೆ ಬೇರೆ. ಒಂದೂವರೆ ಮಿಲಿಮೀಟರ್ ಅಂತ ಬರೆದ ಕಟ್ಟಿನಲ್ಲಿ ಒಂದರಿಂದ ಎರಡರವರೆಗೆ ಎಲ್ಲಾ ಅಳತೆಯೂ ಇತ್ತು. ಕಾಲು ಭಾಗ ಮುರಿದೇ ಬಂತು. ಕೇಳಿದರೆ "ಮರ ಅಲ್ವಾ ಸಾರ್, ಹಾಗೇ ಇರುತ್ತೆ" ಅಂತ ಉತ್ತರ!

ಬಾಲ್ಸಾ ಬಿಡಿ. ಮಸಾಲೆ ಹಚ್ಚದ ಅಗರಬತ್ತಿ ಕಡ್ಡಿ ತನ್ನಿ. ಅಗ್ಗ, ನೇರ, ಗಟ್ಟಿ, ಅಳತೆಯೂ ಒಂದೇ. 1.3 ಮಿಲಿಮೀಟರ್ ಕಡ್ಡಿ ಅಂದರೆ ನಮ್ಮ ಸ್ಕೇಲ್‌ನಲ್ಲಿ 13 ಸೆಂಟಿಮೀಟರ್ ದಪ್ಪದ ಮರ. ಸರಿಯಾಗಿ ಹೊಂದುತ್ತದೆ.

ಆದರೆ ದಾರಿ ತೋರಿಸಿದ್ದು ಕಡ್ಡಿ ಅಲ್ಲ, ಹಳೆಯ ಗೋಡೆ. ಟಸ್ಕನಿಯ ಇಂಥ ಗೋಪುರಗಳ ಗೋಡೆ ಒಂದೇ ದಪ್ಪ ಕಲ್ಲಿನದಲ್ಲ. ಹೊರಗೊಂದು ಕಲ್ಲಿನ ಪದರ, ಒಳಗೊಂದು ಪದರ, ನಡುವೆ ಸುಣ್ಣದ ಗಾರೆ ಮತ್ತು ಕಲ್ಲಿನ ಚೂರು. ಮರ ಆ ನಡುವಿನ ಗಾರೆಯೊಳಗೆ ಆಳಕ್ಕೆ ಕೂರುತ್ತಿತ್ತು. ತೂತನ್ನು ಯಾರೂ ಆಮೇಲೆ ಕೊರೆಯಲಿಲ್ಲ, ಮರ ಇದ್ದ ಜಾಗವೇ ತೂತಾಗಿ ಉಳಿಯಿತು.

ಹಾಗೇ ಕಟ್ಟಿದೆ. 3 ಮಿಲಿಮೀಟರ್ ಫೋಮ್‌ನ ಎರಡು ಪದರ, ನಡುವೆ 14 ಮಿಲಿಮೀಟರ್ ಜಾಗ. ಒಂದೂವರೆ ಸೆಂಟಿಮೀಟರ್ ಎತ್ತರದ ಪಟ್ಟಿ ನಿಲ್ಲಿಸಿ, ಅಂಚಿನಲ್ಲಿ ಕಚ್ಚು ಮಾಡಿ, ಕೊಬ್ಬರಿ ಎಣ್ಣೆ ಸವರಿದ ಕಡ್ಡಿ ಇಟ್ಟು, ಮಟ್ಟ ನೋಡಿ, ಆಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿಯುವುದು. ಪ್ಲಾಸ್ಟರ್ ಗಟ್ಟಿಯಾಗುವಾಗ ಕೊಂಚ ಹಿಗ್ಗುತ್ತದೆ, ಕಡ್ಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಕೆಳಗಿನ ಸಾಲಿನ ಕಡ್ಡಿಗಳನ್ನು ಪೂರ್ತಿ ಗಟ್ಟಿಯಾಗುವ ಮೊದಲೇ ಒಮ್ಮೆ ತಿರುಗಿಸಿ ಎಳೆದರೆ ಅಂದವಾದ ತೂತು. ಅದೇ ಕಡ್ಡಿ ಮೇಲಿನ ಸಾಲಿಗೆ. ಒಂದೇ ಸಲ ಜಾಸ್ತಿ ಸುರಿಯಬೇಡಿ, ಪದರ ಹೊರಕ್ಕೆ ಉಬ್ಬುತ್ತದೆ. ಸುಣ್ಣದ ಗಾರೆ ಇನ್ನೂ ನಿಧಾನ, ಗಾಳಿ ಕುಡಿದು ಗಟ್ಟಿಯಾಗುವ ವಸ್ತು ಅದು. ಈ ಗೋಪುರಕ್ಕೆ ಹನ್ನೊಂದು ವರ್ಷ ಯಾಕೆ ಹಿಡಿಯಿತು ಅನ್ನುವುದರಲ್ಲಿ ಇದರ ಪಾಲೂ ಇರಬೇಕು ಅಂತ ಈಗ ನನ್ನ ಕೈಗೇ ಅನ್ನಿಸುತ್ತಿದೆ.

ಇಷ್ಟೆಲ್ಲಾ ಕಟ್ಟುವ ದುಡ್ಡು ಎಲ್ಲಿಂದ ಬಂತು? ರೋಮ್‌ಗೆ ಹೋಗುವ ಯಾತ್ರಿಕರ ದಾರಿ ವಿಯಾ ಫ್ರಾಂಚೀಜೆನಾ ಊರ ಮಧ್ಯದಲ್ಲೇ ಹಾದುಹೋಗುತ್ತಿತ್ತು. ಮೇಲೆ ಕೇಸರಿ ವ್ಯಾಪಾರ, ಬಡ್ಡಿ ವ್ಯವಹಾರ. 1199ರಲ್ಲಿ ವೊಲ್ತೆರ್ರಾದ ಬಿಷಪ್ಪನ ಹಿಡಿತದಿಂದ ಬಿಡಿಸಿಕೊಂಡ ಊರು ಇದು. 72 ಗೋಪುರ ಇದ್ದವು ಅನ್ನುತ್ತಾರೆ, ಈಗ 14ರಷ್ಟು ಉಳಿದಿವೆ. 1348ರ ಪ್ಲೇಗ್ ಊರನ್ನು ಮುರಿಯಿತು, 1353ರಲ್ಲಿ ಫ್ಲಾರೆನ್ಸ್ ಕೈಗೆ ಹೋಯಿತು. ಆಮೇಲೆ ಹಳೆಯದನ್ನು ಕೆಡವಿ ಹೊಸ ಅರಮನೆ ಕಟ್ಟಲು ದುಡ್ಡಿಲ್ಲ. ನಮಗೆ ಗೋಪುರ ಉಳಿದಿದ್ದರೆ ಅದರಿಂದಲೇ. ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಈ ಮಧ್ಯೆ ತಲೆಯಲ್ಲಿ ಮುಂದಿನದು ಕೂತುಬಿಟ್ಟಿದೆ: ಮೊಂತೆರಿಜ್ಜೋನಿ. ಫ್ಲಾರೆನ್ಸನ್ನು ತಡೆಯಲು ಸಿಯೆನಾದವರು 1213ರಲ್ಲಿ ಶುರು ಮಾಡಿದ ಪುಟ್ಟ ಕೋಟೆಯೂರು. ಗೋಡೆಯ ಸುತ್ತಳತೆ ಸುಮಾರು 570 ಮೀಟರ್, ಹೆಚ್ಚುಕಡಿಮೆ ದುಂಡಗೆ. 1:200ರಲ್ಲಿ ಅಡ್ಡಗಲ 90 ಸೆಂಟಿಮೀಟರ್, ಇಡೀ ಊರು ಒಂದು ಮೇಜಿಗೆ ಬರುತ್ತದೆ! ನರಕದ ಗುಂಡಿಯ ಸುತ್ತ ನಿಂತ ದೈತ್ಯರನ್ನು ಕವಿ ದಾಂತೆ ಹೋಲಿಸಿದ್ದು ಇದರ ಗೋಪುರಗಳಿಗೇ. ಆಗ ಅವು ಈಗಿನದಕ್ಕಿಂತ ಎತ್ತರ ಇದ್ದವು, ನಾನು ಎತ್ತರದವನ್ನೇ ಮಾಡುತ್ತೇನೆ.

ಮೊದಲು ಇದು ಮುಗಿಯಲಿ. ಗೋಪುರ 30 ಸೆಂಟಿಮೀಟರ್‌ವರೆಗೆ ಏರಬೇಕು, ಮೇಲೆ ಕಲ್ಲೆತ್ತುವ ರಾಟೆ ಕೂರಬೇಕು. ರಾಟೆಯ ಹಗ್ಗಕ್ಕೆ ಹೊಲಿಗೆ ದಾರ ಹಾಕಿದರೆ ನೂಲಿನ ಜುಂಗು ಎದ್ದು ಕಾಣುತ್ತದೆ. ಮೇಣ ಸವರಿ ನೋಡಿದವರು ಯಾರಾದರೂ ಇದ್ದರೆ ಹೇಳಿ, ಭಾನುವಾರದೊಳಗೆ ಬೇಕು.