14 ಜೂನ್ 2025, ಶನಿವಾರ: ಕೋಟಿನ ತೋಳು

ಬೆಳಗ್ಗಿಂದ ಜಡಿಮಳೆ, ಕೇಬಲ್ ಹೋಗಿ ಅಮ್ಮಂಗೆ ಸೀರಿಯಲ್ ಇಲ್ಲ. ನಾನು ಲ್ಯಾಪ್‌ಟಾಪಲ್ಲಿ ನೋಡ್ತಿದ್ದ ಮೂಕಿ ಚಿತ್ರಕ್ಕೇ ಬಂದು ಕೂತ್ರು. ಸ್ಟೆಲ್ಲಾ ಮಾರಿಸ್, 1918ರ ಅಮೆರಿಕದ್ದು, ವಿಲಿಯಂ ಜೆ. ಲಾಕ್ ಕಾದಂಬರಿಯಿಂದ ಮಾಡಿದ್ದು. ಇದರ ನಾಯಕಿ ಮೇರಿ ಪಿಕ್‌ಫೋರ್ಡ್ ಹೆಸ್ರು ಕೇಳಿರೋರೂ ಇದನ್ನ ನೋಡಿರೋದು ಕಮ್ಮಿ. ಇಂಗ್ಲಿಷ್ ಬರಹ ಬಂದಾಗೆಲ್ಲ ಕನ್ನಡದಲ್ಲಿ ಹೇಳ್ತಾ ಹೋದೆ.

ಸ್ಟೆಲ್ಲಾ ನಡೆಯೋಕಾಗದ ಶ್ರೀಮಂತರ ಹುಡುಗಿ, ಲೋಕದಲ್ಲಿ ದುಃಖ ಅನ್ನೋದಿದೆ ಅಂತಾನೇ ಗೊತ್ತಾಗದ ಹಾಗೆ ಸಾಕಿರ್ತಾರೆ. ಯೂನಿಟಿ ಅನಾಥಾಲಯದಿಂದ ಮನೆಕೆಲಸಕ್ಕೆ ತಂದ ಹುಡುಗಿ, ತಲೆಗಂಟಿದ ಕೂದ್ಲು, ಒಂದು ಭುಜ ಮೇಲೆ ಒಂದು ಕೆಳಗೆ. ಎರಡೂ ಪಾರ್ಟು ಮೇರಿದೇ ಅಂದ್ರೆ ಅಮ್ಮ ನಂಬ್ಲೇ ಇಲ್ಲ. "ಸುಮ್ನಿರೇ, ಇವಳ ಕಣ್ಣೇ ಬೇರೆ." ಒಂದೇ ಫಿಲ್ಮಿನ ಮೇಲೆ ಎರಡು ಸಲ ತೆಗೆದು ಇಬ್ರನ್ನೂ ಒಟ್ಟಿಗೆ ತೋರಿಸ್ತಿದ್ರು ಅಂತ ವಿವರಿಸಿದೆ, ಯಾರು ಕೇಳ್ತಾರೆ, ಅವರ ಗಮನವೆಲ್ಲ ಯೂನಿಟಿ ಮೇಲೆ.

ಯಜಮಾನಿ ಲೂಯಿಸಾ ಕುಡಿದು ಅವಳನ್ನ ಆಸ್ಪತ್ರೆ ಸೇರೋ ಹಾಗೆ ಹೊಡೀತಾಳೆ, ಮೂರು ವರ್ಷ ಜೈಲಿಗೂ ಹೋಗ್ತಾಳೆ. ಅವಳ ಗಂಡ ಜಾನ್ ಹುಡುಗೀನ ಕರ್ಕೊಂಡು ಬಂದು ಸಾಕ್ತಾನೆ, ಆದ್ರೆ ಅವನ ಮನಸ್ಸು ಸ್ಟೆಲ್ಲಾ ಮೇಲೆ, ಯೂನಿಟಿ ಮನಸ್ಸು ಅವನ ಮೇಲೆ. ಒಂದು ಕಡೆ ಅವನ ಕೋಟು ತಗೊಂಡು, ಅದರ ತೋಳನ್ನ ತನ್ನ ಮೈಸುತ್ತ ತಾನೇ ತಂದ್ಕೋತಾಳೆ. ಅಷ್ಟೇ ಸೀನು. ನಂಗೆ ಗಂಟಲು ಕಟ್ಟಿತು.

ಕೊನೆಗೆ ಯೂನಿಟಿ ಲೂಯಿಸಾನ ಕೊಂದು ತಾನೂ ಸಾಯ್ತಾಳೆ, ಜಾನ್‌ಗೂ ಸ್ಟೆಲ್ಲಾಗೂ ದಾರಿ ಸಲೀಸಾಗುತ್ತೆ. ಅಮ್ಮಂಗೆ ಕೋಪ ಬಂತು. "ಇವರ ಮದ್ವೆಗೆ ಅವಳು ಯಾಕೆ ಸಾಯ್ಬೇಕಿತ್ತು? ಕೆಲ್ಸದವಳು ಅಂತ ತಾನೇ?"

ಆಮೇಲೆ ತುಂಬಾ ಹೊತ್ತು ಮಾತಿಲ್ಲ. ಹೊರಗೆ ಶೀಟಿನ ಮೇಲೆ ಮಳೆ ಸದ್ದು.

"ನಿಮ್ಮ ದೊಡ್ಡಮ್ಮನ ಬಾಣಂತನಕ್ಕೆ ಒಬ್ಳು ಹುಡುಗೀನ ತಂದಿದ್ರು, ನನ್ನ ವಯಸ್ಸೇ. ನನ್ನ ಹಳೇ ಲಂಗ ಎಲ್ಲ ಅವಳಿಗೇ. ಹಾಕ್ಕೊಳೋ ಮುಂಚೆ ಒಂದ್ಸಲ ಮೂಸಿ ನೋಡೋಳು. ನಂಗೆ ಅಸಹ್ಯ ಆಗ್ತಿತ್ತು, ಬೈದಿದೀನಿ."

"ಆಮೇಲೆಲ್ಲಿ ಹೋದ್ಲು?"

"ಮದ್ವೆ ಮಾಡಿ ಕೊಟ್ರು ಅಂದ್ರು."

"ಯಾರಂದ್ರು?"

ಉತ್ರ ಇಲ್ಲ. ಎದ್ದು ಹೋಗಿ ನೆನೆಹಾಕಿದ ಅಕ್ಕಿ ರುಬ್ಬೋಕೆ ಶುರು ಮಾಡಿದ್ರು, ಗ್ರೈಂಡರ್ ಸದ್ದಲ್ಲಿ ಏನೂ ಕೇಳ್ಸಲ್ಲ, ಈಗ ಹತ್ತೂವರೆ, ಇನ್ನೂ ಅಡುಗೆಮನೇಲೇ ಇದಾರೆ. ನಾಳೆ ದೊಡ್ಡಮ್ಮಂಗೆ ಫೋನ್ ಮಾಡ್ಲಾ ಅಂತ, ಅವರಿಗೆ ಆ ಹುಡುಗಿ ಊರಾದ್ರೂ