ಒಂದೇ ಮೈಕಿನ ಸುತ್ತ ಕುಳಿತು ಹಾಡಿದ ಆಲ್ಬಮ್

ಕೆನಡಾದ ಕೌಬಾಯ್ ಜಂಕೀಸ್ ಎಂಬ ಸಂಗೀತ ತಂಡದ ‘ದ ಟ್ರಿನಿಟಿ ಸೆಷನ್’ ಆಲ್ಬಮ್ಮಿನ ಮೊದಲ ಹಾಡಿಗೆ ವಾದ್ಯವೇ ಇಲ್ಲ. ತಂಡದ ಗಾಯಕಿ ಮಾರ್ಗೋ ಟಿಮ್ಮಿನ್ಸ್ ಒಬ್ಬರೇ ಒಂದೂವರೆ ನಿಮಿಷ ಹಾಡುತ್ತಾರೆ. ‘ಮೈನಿಂಗ್ ಫಾರ್ ಗೋಲ್ಡ್’ ಅದರ ಹೆಸರು. ಚಿನ್ನದ ಗಣಿಯಲ್ಲಿ ದುಡಿದವರ ಹಾಡು ಅದು. ಕಲ್ಲಿನ ದೂಳು ಶ್ವಾಸಕೋಶಕ್ಕೆ ಹೋಗಿ ಬರುವ ಸಿಲಿಕೋಸಿಸ್ ಎಂಬ ಕಾಯಿಲೆಯ ಹೆಸರು ಹಾಡಿನೊಳಗೇ ಬರುತ್ತದೆ.

ನಾನು ಹುಟ್ಟಿದ್ದು ಕೆಜಿಎಫ್‌ನಲ್ಲಿ. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕಲ್ಲು ಕೊರೆಯುತ್ತಿದ್ದರು. ಕೊನೆಯ ವರ್ಷಗಳಲ್ಲಿ ಅವರಿಗೆ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ಎರಡು ದಿಂಬು ಒರಗಿಸಿಕೊಂಡು, ಮೊಣಕಾಲಿನ ಮೇಲೆ ಕೈಯೂರಿ, ಕುಳಿತಲ್ಲೇ ರಾತ್ರಿ ಕಳೆಯುತ್ತಿದ್ದರು. ನಮ್ಮ ಮನೆಯಲ್ಲಿ ಅದನ್ನು ‘ಗಣಿ ಕೆಮ್ಮು’ ಎಂದಷ್ಟೇ ಕರೆಯುತ್ತಿದ್ದರು. ಆ ಕಾಯಿಲೆಯ ಬಗ್ಗೆ ಯಾರಾದರೂ ಹಾಡಿದ್ದಾರೆ ಎಂದು ನನಗೆ ಗೊತ್ತಾದದ್ದು ಟೊರಾಂಟೊಗೆ ಬಂದ ಮೇಲೆ. ಮಾರ್ಗೋ ಅದನ್ನು ಅಳುತ್ತಾ ಹಾಡುವುದಿಲ್ಲ, ಕೂಗುವುದೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ನಿಲ್ಲಿಸುತ್ತಾರೆ. ತಾತನೂ ಗಣಿಯ ಮಾತು ಬಂದಾಗ ಹಾಗೆಯೇ ಮಾತನಾಡುತ್ತಿದ್ದರು.

ಆಲ್ಬಮ್ಮಿನ ಹೆಸರು ಬಂದಿರುವುದು ಈ ಊರಿನ ಹೋಲಿ ಟ್ರಿನಿಟಿ ಚರ್ಚಿನಿಂದ. ಈಟನ್ ಸೆಂಟರ್ ಎಂಬ ದೊಡ್ಡ ಮಾಲ್‌ನ ಮಗ್ಗುಲಲ್ಲೇ ಅದು ಇದೆ. ಹತ್ತೊಂಬತ್ತನೆಯ ಶತಮಾನದ ಕಟ್ಟಡ. 1987ರ ನವೆಂಬರ್ 27ರಂದು ತಂಡದವರು ಅಲ್ಲಿ ಸೇರಿದರು. ಮಾರ್ಗೋ, ಗಿಟಾರಿಗೆ ಅಣ್ಣ ಮೈಕೆಲ್, ಡ್ರಮ್ಸ್‌ಗೆ ಇನ್ನೊಬ್ಬ ಸಹೋದರ ಪೀಟರ್, ಬಾಸ್‌ಗೆ ಗೆಳೆಯ ಆಲನ್ ಆಂಟನ್. ಜೊತೆಗೆ ಅಕಾರ್ಡಿಯನ್, ಪಿಟೀಲು, ಹಾರ್ಮೋನಿಕಾ, ಪೆಡಲ್ ಸ್ಟೀಲ್ ಗಿಟಾರ್ ನುಡಿಸುವವರು. ನಿರ್ಮಾಪಕ ಪೀಟರ್ ಮೂರ್ ನಡುವೆ ನಿಲ್ಲಿಸಿದ್ದು ಒಂದೇ ಒಂದು ಮೈಕು.

ನನ್ನನ್ನು ಹಿಡಿದು ನಿಲ್ಲಿಸುವುದು ಈ ಸಂಗತಿ. ಸ್ಟುಡಿಯೊದಲ್ಲಾದರೆ ಪ್ರತಿ ವಾದ್ಯಕ್ಕೂ ಒಂದು ಮೈಕು, ಒಂದು ಟ್ರ್ಯಾಕ್. ಏನು ಹೆಚ್ಚುಕಡಿಮೆಯಾದರೂ ಆಮೇಲೆ ಸರಿಪಡಿಸಬಹುದು. ಇಲ್ಲಿ ಆ ದಾರಿಯೇ ಇಲ್ಲ. ಅಕಾರ್ಡಿಯನ್ ಜೋರಾಯಿತೇ, ನುಡಿಸುವವರೇ ಹಿಂದೆ ಸರಿಯಬೇಕು. ಪಿಟೀಲು ಕೇಳಿಸಲಿಲ್ಲವೇ, ಅವರೇ ಮುಂದೆ ಬರಬೇಕು. ಮಾರ್ಗೋ ಅವರ ದನಿ ಗಿಟಾರಿನ ಸದ್ದಿನಲ್ಲಿ ಮುಳುಗದಿರಲೆಂದು ಅದನ್ನು ಅಲ್ಲಿದ್ದ ಧ್ವನಿವರ್ಧಕದ ಮೂಲಕ ಹಾಯಿಸಿ, ಆ ಸದ್ದನ್ನು ಮೈಕು ಹಿಡಿಯುವಂತೆ ಮಾಡಿದರು. ಒಬ್ಬರು ಅಬ್ಬರಿಸಿದರೂ ಎಲ್ಲರ ಹಾಡು ಕೆಟ್ಟಿತು. ಆದ್ದರಿಂದಲೇ ಎಲ್ಲರೂ ಇನ್ನೊಬ್ಬರಿಗೆ ಕಿವಿಗೊಟ್ಟು ನುಡಿಸಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಇದು ಗೊತ್ತಾಗುತ್ತದೆ. ಪೀಟರ್ ಡ್ರಮ್ಮನ್ನು ಬಡಿಯುವುದಿಲ್ಲ, ಸವರುತ್ತಾರೆ.

ಇದರಲ್ಲಿ ಬೇರೆಯವರ ಹಳೆಯ ಹಾಡುಗಳೂ ಇವೆ. ‘ಸ್ವೀಟ್ ಜೇನ್’ ಹಾಡನ್ನು ಎಲ್ಲರೂ ಹೊಗಳುತ್ತಾರೆ, ಅದನ್ನು ಬರೆದ ಅಮೆರಿಕದ ಗಾಯಕ ಲೂ ರೀಡ್ ಅವರೇ ಮೆಚ್ಚಿಕೊಂಡರು. ನನಗೆ ಅದಕ್ಕಿಂತ ಹ್ಯಾಂಕ್ ವಿಲಿಯಮ್ಸ್ ಅವರ ‘ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ’ ಇಷ್ಟ. ಅಮೆರಿಕದ ಹಳ್ಳಿಗಾಡಿನ ಶೈಲಿಯ ಹಳೆಯ ಕಂಟ್ರಿ ಹಾಡನ್ನು ಇಷ್ಟು ನಿಧಾನಿಸಿದರೆ ಜೀವ ಹೋಗಬೇಕಿತ್ತು. ಇಲ್ಲಿ ಪ್ರತಿ ಸಾಲಿನ ನಂತರ ಉಳಿಯುವ ಬಿಡುವಿನಲ್ಲಿ ಆ ಕಟ್ಟಡದ ಉಸಿರು ಕೇಳಿಸುತ್ತದೆ.

ಇಪ್ಪತ್ತು ವರ್ಷಗಳ ನಂತರ ಅದೇ ಚರ್ಚಿನಲ್ಲಿ ಅತಿಥಿ ಗಾಯಕರನ್ನು ಕರೆದು ಇವೇ ಹಾಡುಗಳನ್ನು ಮತ್ತೆ ಹಾಡಿದರು. ‘ಟ್ರಿನಿಟಿ ರಿವಿಸಿಟೆಡ್’ ಎಂದು 2007ರಲ್ಲಿ ಬಂತು. ಚೆನ್ನಾಗಿದೆ. ಆದರೆ ಮೊದಲ ಬಾರಿ ಕೇಳುವವರಿಗೆ ನಾನು ಹಳೆಯದನ್ನೇ ಕೊಡುತ್ತೇನೆ, ಮೊದಲ ಹಾಡನ್ನು ಹಾರಿಸಬೇಡಿ ಎಂದು ಹೇಳಿ.