ಮನಾಲಿಯಿಂದ ಲೇಹ್‌ಗೆ ಸೈಕಲ್, ಧಾರವಾಡದಿಂದ ಬುತ್ತಿ

ಮನಾಲಿಯಿಂದ ಲೇಹ್‌ಗೆ ಸೈಕಲ್ ಮೇಲೆ ಹೋಗಿ ಬಂದೆವು ಅಂದ ಕೂಡಲೇ ಎಲ್ಲರೂ ಕೇಳುವುದು ಯಾವ ಸೈಕಲ್, ಎಷ್ಟು ಗೇರ್, ಉಸಿರಾಟಕ್ಕೆ ತೊಂದರೆ ಆಗಲಿಲ್ವಾ ಅಂತ. ಏನು ತಿಂದಿರಿ ಅಂತ ಕೇಳುವವರು ಕಡಿಮೆ. ನನ್ನ ಮಟ್ಟಿಗೆ ನಮ್ಮನ್ನು ಆ ದಾರಿ ದಾಟಿಸಿದ್ದೇ ಊಟದ ಪ್ಲಾನ್. ಸೈಕಲ್ ಕೆಟ್ಟರೆ ಯಾವುದಾದರೂ ಲಾರಿಗೆ ಕೈ ಮಾಡಬಹುದು. ಆದರೆ 4,700 ಮೀಟರ್ ಎತ್ತರದಲ್ಲಿ, ಎದುರುಗಾಳಿಯಲ್ಲಿ, ಹೊಟ್ಟೆ ಖಾಲಿ ಇಟ್ಟುಕೊಂಡು ಕೂತರೆ ಕೈ ಎತ್ತುವುದಕ್ಕೂ ಶಕ್ತಿ ಇರುವುದಿಲ್ಲ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ, ಮುಂದೆ ಹೋಗುವವರಿಗೆ ಉಪಯೋಗವಾದರೆ ಆಗಲಿ.

ನಾವು ಮೂವರು, ಎಲ್ಲರೂ ಧಾರವಾಡದವರು. ಹೊರಟಿದ್ದು ಆಗಸ್ಟ್ ಕೊನೆಯಲ್ಲಿ. ಊಟದ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಸಾಮಾನ್ಯವಾಗಿ ಜನ ಏನು ಮಾಡುತ್ತಾರೆ ಅಂದ್ರೆ, ಒಟ್ಟು ಇಷ್ಟು ದಿನ, ದಿನಕ್ಕೆ ಒಬ್ಬರಿಗೆ ಇಷ್ಟು ಗ್ರಾಂ ಅಂತ ಗುಣಿಸಿ ಎಲ್ಲವನ್ನೂ ಕಟ್ಟಿಕೊಂಡು ಬಿಡುತ್ತಾರೆ. ಹಾಗೆ ಮಾಡಿದರೆ ಸೈಕಲ್ ಏರು ಹತ್ತುವುದೇ ಇಲ್ಲ. ಆ ರಸ್ತೆ ಪೂರ್ತಿ ಖಾಲಿ ಏನಲ್ಲ, ಬೇಸಿಗೆಯಲ್ಲಿ ಅಲ್ಲಲ್ಲಿ ಟೆಂಟ್ ಢಾಬಾಗಳು ಇರುತ್ತವೆ. ಜೂನ್ ಹೊತ್ತಿಗೆ ಬಂದು, ಸೆಪ್ಟೆಂಬರ್‌ನಲ್ಲಿ ಚಳಿ ಜಾಸ್ತಿ ಆಗುತ್ತಿದ್ದ ಹಾಗೆ ಗಂಟುಮೂಟೆ ಕಟ್ಟುತ್ತಾರೆ. ಹಾಗಾಗಿ ನಾನು ಎಣಿಸಿದ್ದು ಒಂದು ಒಲೆಯಿಂದ ಇನ್ನೊಂದು ಒಲೆಗೆ ಎಷ್ಟು ದೂರ, ನಡುವೆ ಏರು ಎಷ್ಟು, ನೀರು ಎಲ್ಲಿ, ಇಷ್ಟನ್ನೇ.

ರೋಹ್ತಾಂಗ್ ಹತ್ತಿ ಇಳಿಯುವ ಹಳೇ ದಾರಿಯಲ್ಲಿ ಒಟ್ಟು ಸುಮಾರು 475 ಕಿ.ಮೀ. ಮೊದಲ ಭಾಗದಲ್ಲಿ ಊಟದ ಚಿಂತೆಯೇ ಇಲ್ಲ. ಕೋಕ್ಸರ್, ಸಿಸ್ಸು, ಕೇಲಾಂಗ್, ಜಿಸ್ಪಾ, ಎಲ್ಲಿ ನಿಂತರೂ ರಾಜ್ಮಾ-ಚಾವಲ್, ಪರಾಠಾ ಸಿಗುತ್ತದೆ. ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ತಾಂಡಿಯ ಪೆಟ್ರೋಲ್ ಬಂಕಿನಲ್ಲಿ, ಮುಂದಿನ ಬಂಕ್ 365 ಕಿ.ಮೀ. ದೂರ ಅಂತ ಹೇಳುವ ಹೆಸರಾದ ಬೋರ್ಡ್ ಇದೆ. ಸೈಕಲ್‌ಗೆ ಪೆಟ್ರೋಲ್ ಬೇಡ ನಿಜ, ಆದರೆ ನಮಗೂ ಅದೇ ಗಡಿ. ಅಲ್ಲಿಂದ ಸ್ವಲ್ಪ ಮುಂದೆ ಕೇಲಾಂಗ್, ಒಳ್ಳೆಯ ಕಿರಾಣಿ ಅಂಗಡಿ, ಔಷಧಿ ಅಂಗಡಿ, ಎಟಿಎಂ ಇರುವ ಕೊನೆಯ ಪೇಟೆ. ಅಲ್ಲಿ ತಪ್ಪದೆ ಮಾಡಬೇಕಾದ ಕೆಲಸ ಒಂದಿದೆ. ಸಣ್ಣ ನೋಟು ತುಂಬಿಕೊಳ್ಳಿ. ಮುಂದೆ ಬಹುಪಾಲು ಕಡೆ ಸಿಗ್ನಲ್ ಇರುವುದಿಲ್ಲ, ಫೋನ್ ತೋರಿಸಿ ದುಡ್ಡು ಕೊಡುವುದು ನಡೆಯುವುದಿಲ್ಲ. ಊಟಕ್ಕೆ ಅಕ್ಕಿ-ಬೇಳೆ ಎಷ್ಟು ಮುಖ್ಯವೋ ಆ ನೂರರ ನೋಟೂ ಅಷ್ಟೇ ಮುಖ್ಯ.

ದಾರ್ಚಾ ದಾಟಿದ ಮೇಲೆ ಒಲೆಗಳು ದೂರ ದೂರ ಆಗುತ್ತವೆ. ಜಿಂಗ್‌ಜಿಂಗ್‌ಬಾರ್, ಬಾರಾಲಾಚಾ ಲಾ (ಲಾ ಅಂದ್ರೆ ಗುಡ್ಡ ದಾಟುವ ಘಾಟಿ) ದಾಟಿ ಭರತ್‌ಪುರ್, ಆಮೇಲೆ ಸರ್ಚು. ಸರ್ಚುವಿನಿಂದ ಪಾಂಗ್ ಸುಮಾರು 75 ಕಿ.ಮೀ., ನಡುವೆ ವಿಸ್ಕಿ ನಾಲಾದಲ್ಲಿ ಕೆಲವು ಟೆಂಟ್. ಪಾಂಗ್‌ನಿಂದ ಮೊದಲ ಹಳ್ಳಿ ರುಮ್ಟ್ಸೆಗೆ ಸುಮಾರು 100 ಕಿ.ಮೀ., ನಡುವೆ ಡೆಬ್ರಿಂಗ್ ಬಿಟ್ಟರೆ ಏನೂ ಇಲ್ಲ ಅಂತಲೇ ಇಟ್ಟುಕೊಳ್ಳಬೇಕು. ಇಷ್ಟು ಬರೆದಿಟ್ಟುಕೊಂಡ ಮೇಲೆ ಲೆಕ್ಕ ಸುಲಭವಾಯಿತು. ರಾತ್ರಿ ಊಟ ಢಾಬಾದಲ್ಲಿ, ಹಗಲು ತಿನ್ನುವುದು ನಮ್ಮ ಬ್ಯಾಗಿನಿಂದ. ಅದರ ಜೊತೆಗೆ ಎರಡು ದಿನಕ್ಕಾಗುವಷ್ಟು ಬೇರೆ ಗಂಟು, ಮುಟ್ಟಬಾರದು ಅಂತ ಬ್ಯಾಗಿನ ತಳದಲ್ಲಿ. ಈ ಗಂಟು ಯಾಕೆ ಅಂದ್ರೆ, ಢಾಬಾಕ್ಕೆ ಸಾಮಾನು ಬರುವುದೂ ಅದೇ ರಸ್ತೆಯಲ್ಲಿ. ಗುಡ್ಡ ಕುಸಿದರೆ, ಮಧ್ಯಾಹ್ನದ ಬಿಸಿಲಿಗೆ ಹಿಮ ಕರಗಿ ನಾಲಾ ಉಕ್ಕಿ ಹರಿದರೆ, ಲಾರಿ ನಿಲ್ಲುತ್ತದೆ. ಲಾರಿ ನಿಂತರೆ ಮೊದಲು ಮೊಟ್ಟೆ ಖಾಲಿ, ಆಮೇಲೆ ತರಕಾರಿ, ಆಮೇಲೆ ಬ್ರೆಡ್. ನಮ್ಮ ದಾರಿ ಕಟ್ಟಿದ ದಿನವೇ ಅವರ ಡಬ್ಬಿಯೂ ಖಾಲಿ ಆಗುತ್ತದೆ.

ಇನ್ನು ಏನು ಒಯ್ಯುವುದು. ದಿನವಿಡೀ ಏರು ತುಳಿಯುವವನಿಗೆ ಸುಮಾರು 4,000 ಕ್ಯಾಲೊರಿ ಬೇಕು ಅಂತ ಇಟ್ಟುಕೊಂಡೆ. ಶೇಂಗಾದಲ್ಲಿ 100 ಗ್ರಾಂಗೆ ಹತ್ತಿರ ಹತ್ತಿರ 560 ಇದೆ, ಅವಲಕ್ಕಿಯಲ್ಲಿ 350. ಎಣ್ಣೆ ಅಂಶ ಜಾಸ್ತಿ ಇದ್ದಷ್ಟೂ ತೂಕ ಕಡಿಮೆ ಹೊರಬಹುದು. ಅಂಗಡಿಯಲ್ಲಿ ಸಿಗುವ ಎನರ್ಜಿ ಬಾರ್‌ಗಳನ್ನೂ ನೋಡಿದೆ. ಆಮೇಲೆ ಅನಿಸಿತು, ನಮ್ಮ ಕಡೆ ಕರದಂಟು ಇದೆಯಲ್ಲ! ಗೋಕಾಕದ್ದೋ ಅಮೀನಗಡದ್ದೋ ಯಾವುದಾದರೂ ಸರಿ, ಬೆಲ್ಲ, ಅಂಟು, ಕೊಬ್ಬರಿ, ಗೋಡಂಬಿ, ಬಾದಾಮಿ, ತುಪ್ಪ. ಕೆಡುವುದಿಲ್ಲ, ಪುಡಿಯಾಗುವುದಿಲ್ಲ, ಒಂದು ತುಂಡು ಬಾಯಿಗೆ ಹಾಕಿಕೊಂಡರೆ ಹೊತ್ತು ಹೋಗುತ್ತದೆ. ಅದನ್ನು ಬೆರಳುದ್ದ ಕತ್ತರಿಸಿ, ಒಂದೊಂದನ್ನೂ ಬೆಣ್ಣೆ ಕಾಗದದಲ್ಲಿ ಸುತ್ತಿದೆ. ಕೈಗವಸು ತೆಗೆಯದೆ ಬಿಚ್ಚುವ ಹಾಗೆ ಎರಡೂ ತುದಿ ತಿರುಚಿ ಬಿಟ್ಟರೆ ಸಾಕು.

ಅವ್ವ ಖಡಕ್ ಜೋಳದ ರೊಟ್ಟಿ ಬಡಿದು ಕೊಟ್ಟಳು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ನಿಂಬೆ ಉಪ್ಪಿನಕಾಯಿ. ನಾನು ಪಡಸಾಲೆಯಲ್ಲಿ ಪೇಪರ್ ಹಾಸಿ, ಅಡುಗೆಮನೆಯ ತಕ್ಕಡಿ ಇಟ್ಟುಕೊಂಡು ಒಂದೊಂದೇ ಪೊಟ್ಟಣ ತೂಗುತ್ತಿದ್ದೆ.

"ಇಷ್ಟ ಸಾಲ್ತಾವೇನು ಮೂರು ಮಂದಿಗೆ?" ಅಂದಳು.

"ಸಾಕವ್ವಾ, ಇವನ್ನೆಲ್ಲ ಗುಡ್ಡ ಹತ್ತಸಬೇಕಲ್ಲ."

"ಗುಡ್ಡ ಹತ್ತೂದಕ್ಕ ತಿನಬೇಕು. ಇನ್ನೊಂದು ಹತ್ತು ರೊಟ್ಟಿ ಇಡ್ತೀನಿ, ಸುಮ್ನ ಒಯ್ಯಿ."

ಒಯ್ದೆ. ರೊಟ್ಟಿ ಇಡಿಯಾಗಿ ಒಯ್ಯುವ ಹಟ ಬೇಡ. ಮೊದಲೇ ನಾಲ್ಕು ಚೂರು ಮಾಡಿ, ಗಟ್ಟಿ ಡಬ್ಬಿಯಲ್ಲಿ ಒತ್ತಾಗಿ ಜೋಡಿಸಿ, ಮೇಲೆ ಬಟ್ಟೆ ತುರುಕಿದರೆ ಅಲುಗಾಡುವುದಿಲ್ಲ. ಚಟ್ನಿಪುಡಿಯನ್ನು ಗಾಳಿ ಹಿಂಡಿ ತೆಗೆದು ಕಟ್ಟಬೇಕು. ಎತ್ತರಕ್ಕೆ ಹೋದ ಹಾಗೆ ಹೊರಗಿನ ಒತ್ತಡ ಕಡಿಮೆಯಾಗಿ ಒಳಗಿನ ಗಾಳಿ ಉಬ್ಬುತ್ತದೆ. ಸರ್ಚುವಿನ ಢಾಬಾದಲ್ಲಿ ತೂಗುಹಾಕಿದ ಚಿಪ್ಸ್ ಪ್ಯಾಕೆಟ್‌ಗಳು ಬಲೂನಿನ ಹಾಗೆ ಬಿಗಿದುಕೊಂಡಿರುತ್ತವೆ.

ಬೆಳಗಾವಿಯಿಂದ ದೆಹಲಿಯ ನಿಜಾಮುದ್ದೀನ್‌ಗೆ ಗೋವಾ ಎಕ್ಸ್‌ಪ್ರೆಸ್, ಸೈಕಲ್ ಪಾರ್ಸೆಲ್ ಬೋಗಿಯಲ್ಲಿ, ಬುತ್ತಿ ನಮ್ಮ ಸೀಟಿನ ಕೆಳಗೆ. ಗ್ಯಾಸ್ ಕ್ಯಾನಿಸ್ಟರ್ ರೈಲಿನಲ್ಲಿ ಒಯ್ಯುವಂತಿಲ್ಲ, ವಿಮಾನದಲ್ಲೂ ಇಲ್ಲ. ಅದನ್ನು ಮನಾಲಿಯ ಟ್ರೆಕ್ಕಿಂಗ್ ಸಾಮಾನಿನ ಅಂಗಡಿಯಲ್ಲಿ ಕೊಂಡೆವು. ಸರ್ಚು, ಪಾಂಗ್‌ನ ಎತ್ತರದಲ್ಲಿ ನೀರು 85 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ಬೇಳೆ ಇಟ್ಟರೆ ಗ್ಯಾಸ್ ಖಾಲಿಯಾದರೂ ಬೇಳೆ ಬೇಯುವುದಿಲ್ಲ. ಢಾಬಾಗಳಲ್ಲಿ ಬೆಳಗಿನಿಂದ ರಾತ್ರಿವರೆಗೂ ಕುಕ್ಕರ್ ಸೀಟಿ ಕೇಳುತ್ತಲೇ ಇರುವುದು ಇದಕ್ಕೇ. ನಮ್ಮ ಸ್ಟೋವ್ ಮೇಲೆ ಮಾಡುವುದು ಎರಡೇ ಅಂತ ಗೊತ್ತು ಮಾಡಿಕೊಂಡಿದ್ದೆ. ಒಂದು ಚಹಾ. ಇನ್ನೊಂದು, ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದುಕೊಂಡ ರವೆಗೆ ಬಿಸಿನೀರು ಸುರಿದು ಮುಚ್ಚಿಡುವ ಉಪ್ಪಿಟ್ಟು.

ಲೆಕ್ಕ ಎಷ್ಟೇ ಸರಿಯಿದ್ದರೂ ಎತ್ತರದಲ್ಲಿ ಹಸಿವೇ ಸತ್ತುಹೋಗುತ್ತದೆ. ಇದು ಎಲ್ಲರಿಗೂ ಹೆಚ್ಚು ಕಡಿಮೆ ಆಗುವುದೇ. ದೇಹಕ್ಕೆ ಬೇಕು, ಬಾಯಿಗೆ ಬೇಡ. ಆಗ ಕ್ಯಾಲೊರಿ ಪಟ್ಟಿ ಯಾವ ಕೆಲಸಕ್ಕೂ ಬರುವುದಿಲ್ಲ. ನಾಲಿಗೆಗೆ ಪರಿಚಯ ಇರುವ ರುಚಿ ಮಾತ್ರ ಒಳಗೆ ಇಳಿಯುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದು ಸರ್ಚುವಿನಿಂದ ಪಾಂಗ್‌ಗೆ ಹೋದ ದಿನ.

ಅವತ್ತು ಬೆಳಕು ಹರಿಯುವ ಮುಂಚೆಯೇ ಎದ್ದು, ಉಪ್ಪಿಟ್ಟು ತಿಂದು ಹೊರಟೆವು. ಗಾಟಾ ಲೂಪ್ಸ್ ತನಕ ನದಿ ಪಕ್ಕದ ದಾರಿ, ಆರಾಮ. ಅಲ್ಲಿಂದ 21 ತಿರುವು. ಹಸಿವಾಗಲಿ ಬಿಡಲಿ, ಮುಕ್ಕಾಲು ಗಂಟೆಗೊಮ್ಮೆ ನಿಂತು ಒಂದು ತುಂಡು ಕರದಂಟು, ಎರಡು ಗುಟುಕು ಓಆರ್‌ಎಸ್ ನೀರು ಅಂತ ನಿಯಮ ಮಾಡಿಕೊಂಡಿದ್ದೆವು. ಚಳಿಗೆ ಕರದಂಟು ಕಲ್ಲಾಗುತ್ತದೆ, ಜಾಕೆಟ್ಟಿನ ಒಳಜೇಬಿನಲ್ಲಿ ಮೈಗೆ ತಾಗುವ ಹಾಗೆ ಇಟ್ಟುಕೊಂಡರೆ ಹಲ್ಲಿಗೆ ಬಗ್ಗುತ್ತದೆ. ಒಂದು ತಿರುವಿನಲ್ಲಿ ಸಣ್ಣ ಗುಡಿಯಂಥದ್ದು, ಸುತ್ತ ರಾಶಿ ರಾಶಿ ನೀರಿನ ಬಾಟಲಿ. ಲಾರಿ ಕೆಟ್ಟು, ಡ್ರೈವರ್ ಸಹಾಯ ತರಲು ಹೋದಾಗ, ಕಾಯುತ್ತಾ ಕೂತ ಕ್ಲೀನರ್ ಅನ್ನ ನೀರಿಲ್ಲದೆ ಸತ್ತ ಅಂತ ಅಲ್ಲಿಯವರು ಹೇಳುವ ಕತೆ. ದಾರಿಹೋಕರು ಈಗಲೂ ಅವನಿಗೆ ನೀರು ಇಟ್ಟು ಹೋಗುತ್ತಾರೆ. ನಾವೂ ಒಂದು ಬಾಟಲಿ ಇಟ್ಟು, ಕೈ ಮುಗಿದು, ಮುಂದಕ್ಕೆ ತುಳಿದೆವು.

ನಕೀ ಲಾ, 4,739 ಮೀಟರ್, ದಾಟಿ ವಿಸ್ಕಿ ನಾಲಾಕ್ಕೆ ಇಳಿಯುವಷ್ಟರಲ್ಲಿ ನಮ್ಮಲ್ಲೊಬ್ಬ ಮಾತು ನಿಲ್ಲಿಸಿದ್ದ. ಟೆಂಟಿನಲ್ಲಿ ಮ್ಯಾಗಿ ಹೇಳಿದೆವು, ಮಸಾಲೆ ವಾಸನೆಗೇ ಮುಖ ತಿರುಗಿಸಿದ. ಆಮ್ಲೆಟ್ ಬೇಡ, ಬಿಸ್ಕತ್ತು ಬೇಡ. ತಲೆನೋವು ಇದೆಯಾ, ವಾಂತಿ ಬರುವ ಹಾಗಾಗುತ್ತಾ ಅಂತ ಮತ್ತೆ ಮತ್ತೆ ಕೇಳಿದೆ. ಅವೆರಡೂ ಒಟ್ಟಿಗೆ ಜೋರಾದರೆ ಊಟದ ಮಾತು ಬಿಟ್ಟು ಕೆಳಗೆ ಇಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಅವನಿಗೆ ಅಂಥದ್ದೇನೂ ಇರಲಿಲ್ಲ, ಬರೀ ಸುಸ್ತು. ಡಬ್ಬಿ ತೆಗೆದು ರೊಟ್ಟಿ ಚೂರಿನ ಮೇಲೆ ಒಂದಿಷ್ಟು ಶೇಂಗಾ ಚಟ್ನಿ, ಅಂಚಿಗೆ ಉಪ್ಪಿನಕಾಯಿಯ ರಸ ಸವರಿ ಕೈಗೆ ಕೊಟ್ಟೆ. ಮೊದಲು ಉಪ್ಪಿನಕಾಯಿ ನೆಕ್ಕಿದ. ಆಮೇಲೆ ರೊಟ್ಟಿಯ ಮೂಲೆ ಮುರಿದ. ಕಟುಂ ಅಂತ ಸದ್ದು. ಬಿಸಿನೀರು ಕುಡಿದು, ಮತ್ತೊಂದು ಚೂರಿಗೆ ಕೈ ಚಾಚಿದ. ಅರ್ಧ ಗಂಟೆ ಕಳೆದ ಮೇಲೆ ಅವನೇ ಎದ್ದು "ನಡೀರಿ, ಗಾಳಿ ಏಳೂದ್ರೊಳಗ ಮುಟ್ಟೂಣು" ಅಂದ. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

5,000 ಮೀಟರ್‌ಗೂ ಎತ್ತರದ ಲಾಚುಲುಂಗ್ ಲಾ ದಾಟಿ, ಕಮರಿಯಲ್ಲಿ ಇಳಿದು ಪಾಂಗ್ ಮುಟ್ಟಿದಾಗ ಸಂಜೆ. ಅಲ್ಲಿ ಸಾಲಾಗಿ ಟೆಂಟುಗಳು, ಹೆಚ್ಚಿನವನ್ನು ನಡೆಸುವುದು ಲಡಾಖಿ ಹೆಂಗಸರು. "ಜುಲೇ" (ಲಡಾಖಿ ಭಾಷೆಯಲ್ಲಿ ನಮಸ್ಕಾರ) ಅಂದ ಕೂಡಲೇ ಒಳಗೆ ಕರೆದು ಕಂಬಳಿ ಕೊಟ್ಟರು. ನಾನು ಹೇಳಿದ್ದು ಅಲ್ಲಿ ನಿಜವಾಗಿತ್ತು. ಮನಾಲಿ ಕಡೆ ಗುಡ್ಡ ಕುಸಿದು ಲಾರಿ ಬಂದಿರಲಿಲ್ಲ, ಮೊಟ್ಟೆ ಮುಗಿದಿತ್ತು, ತರಕಾರಿ ಮುಗಿದಿತ್ತು, ಅನ್ನ-ದಾಲ್ ಮಾತ್ರ. ನಾವು ದಾಲ್‌ಗೆ ರೊಟ್ಟಿ ಮುರಿದು ಹಾಕಿಕೊಂಡು ತಿಂದೆವು. ಟೆಂಟಿನ ದೀದಿ ತಮ್ಮ ಬಟ್ಟಲಲ್ಲಿ ಹುರಿದ ಬಾರ್ಲಿ ಹಿಟ್ಟು ಹಾಕಿ, ಅದಕ್ಕೆ ಬೆಣ್ಣೆ ಚಹಾ ಸುರಿದು, ಬೆರಳಲ್ಲೇ ತಿರುವಿ ತಿರುವಿ ಉಂಡೆ ಮಾಡಿಕೊಂಡು ತಿನ್ನುತ್ತಿದ್ದರು. ಒಂದು ಉಂಡೆ ನಮಗೂ ಕೊಟ್ಟರು, ನಾವು ಶೇಂಗಾ ಹೋಳಿಗೆ ಕೊಟ್ಟೆವು. ಹೋಳಿಗೆಯನ್ನು ಒಲೆಯ ಮೇಲೆ ಬಿಸಿ ಮಾಡಿ, ಅದರ ಮೇಲೂ ಬೆಣ್ಣೆ ಹಚ್ಚಿ ತಿಂದರು. ನಾವು ತುಪ್ಪ ಹಚ್ಚುವ ಹಾಗೆಯೇ!

ನೀರಿನ ವಿಷಯ ಚುಟುಕಾಗಿ ಹೇಳುತ್ತೇನೆ. ದಿನಕ್ಕೆ ಒಬ್ಬರಿಗೆ ನಾಲ್ಕು ಲೀಟರ್ ಬೇಕೇ ಬೇಕು, ಗಾಳಿ ಅಷ್ಟು ಒಣ. ಗಾಟಾ ಲೂಪ್ಸ್ ಕೆಳಗೆ ತುಂಬಿಕೊಂಡರೆ ವಿಸ್ಕಿ ನಾಲಾ ತನಕ ಅದೇ. ಕ್ಲೋರಿನ್ ಮಾತ್ರೆ ತಣ್ಣನೆ ನೀರಿನಲ್ಲಿ ನಿಧಾನ, ಪ್ಯಾಕೆಟ್ ಮೇಲೆ ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಬಿಡಿ. ಫಿಲ್ಟರ್ ಒಯ್ದರೆ ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಬೇಕು, ಒಳಗಿನ ನೀರು ಹೆಪ್ಪುಗಟ್ಟಿದರೆ ಅದರ ಎಳೆಗಳು ಸೀಳಿ ಹಾಳಾಗುತ್ತವೆ. ಗ್ಯಾಸ್ ಕ್ಯಾನಿಸ್ಟರ್ ಕೂಡ ಒಳಗೇ ಇರಲಿ, ಬೆಳಿಗ್ಗೆ ಬೇಗ ಹತ್ತಿಕೊಳ್ಳುತ್ತದೆ.

ಮೋರೆ ಮೈದಾನದ 40 ಕಿ.ಮೀ. ಸಮತಟ್ಟು, ಆದರೆ ಮಧ್ಯಾಹ್ನದ ಗಾಳಿ ಬಿಡುವುದಿಲ್ಲ. ಅದಕ್ಕೆ ಪಾಂಗ್‌ನಿಂದ ನಸುಕಿನಲ್ಲೇ ಬಿಟ್ಟು ಡೆಬ್ರಿಂಗ್‌ನಲ್ಲಿ ರಾತ್ರಿ ಕಳೆದೆವು. ಮರುದಿನ ತಂಗ್ಲಂಗ್ ಲಾ, 5,328 ಮೀಟರ್. ತಳದ ಗಂಟು ಇನ್ನೂ ಹಾಗೇ ಇತ್ತು. ಆಚೆ ಇಳಿಯುವಾಗ ರಸ್ತೆ ಕೆಲಸದವರು ಸಿಕ್ಕರು, ಡಾಂಬರಿನ ಡ್ರಮ್ ಪಕ್ಕ ಬೆಂಕಿ ಕಾಯಿಸುತ್ತಾ ಕೂತಿದ್ದರು. ಜಾರ್ಖಂಡ್‌ನ ದುಮ್ಕಾ ಕಡೆಯವರು. ನಾವು ಸೈಕಲ್ ಹೊಡೆದ ಪ್ರತಿ ಮೀಟರ್ ಇವರಂಥವರು ಹಾಕಿದ್ದು, ಅವರು ಅಲ್ಲೇ ತಿಂಗಳುಗಟ್ಟಲೆ ಇರುತ್ತಾರೆ. ರುಮ್ಟ್ಸೆ ಇನ್ನು ಬರೀ ಇಳಿಜಾರು, ಹಾಗಾಗಿ ಗಂಟು ಬಿಚ್ಚಿ ಅವಲಕ್ಕಿ, ಬೆಲ್ಲ, ಶೇಂಗಾ ಎಲ್ಲ ಅವರಿಗೆ ಕೊಟ್ಟೆವು. ಅವಲಕ್ಕಿ ನೋಡಿ ಅವರ ಮುಖ ಅರಳಿತು. ಅವರ ಊರಲ್ಲೂ ಬೆಳಿಗ್ಗೆ ಅದನ್ನೇ ಬೆಲ್ಲದ ಜೊತೆ ತಿನ್ನುತ್ತಾರಂತೆ. ಅಲ್ಲೇ ನಮಗೂ ಒಂದೊಂದು ಮುಷ್ಟಿ ವಾಪಸ್ ಕೊಟ್ಟು, ಜೊತೆಗೆ ಕರೀ ಚಹಾ ಕುಡಿಸಿ ಕಳಿಸಿದರು.

ಮುಂದಿನ ಬೇಸಿಗೆಗೆ ಸ್ಪಿತಿ ಕಡೆ ಹೋಗುವ ಮಾತು ನಡೆದಿದೆ. ಆ ದಾರಿಯ ಒಲೆಗಳ ಪಟ್ಟಿ ಈಗಿನಿಂದಲೇ ಬರೆಯುತ್ತಿದ್ದೇನೆ. ಅವ್ವನಿಗೆ ಮಾತ್ರ ಮೊದಲೇ ಹೇಳಿಟ್ಟಿದ್ದೇನೆ, ಈ ಸಲ ಉಪ್ಪಿನಕಾಯಿ ಎರಡರಷ್ಟು ಬೇಕು ಅಂತ.